ಬೆಳಗಾವಿ ಸೀಮೆಯ ಆಂಗ್ಲ ದಫ್ತರಗಳಲ್ಲಿ ಅನೇಕಾರ್ಥ ಪದಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರದೇಶಗಳನ್ನು ಕುರಿತು

ಆಂಗ್ಲ ದಫ್ತರಗಳ ಆಧಾರದಿಂದ ನಮ್ಮ ನಾಡಿನ ಇತಿಹಾಸವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಕಠಿಣ ಪದಗಳಿಗಿಂತ ಪರಿಚಿತ ಪದಗಳಿಂದಲೇ ಹೆಚ್ಚಿನ ಅಪಾಯವುಂಟು. ಕಠಿಣ ಪದ ಎದುರಾದಾಗ ವಿದ್ಯಾರ್ಥಿಯು ಕೋಶವನ್ನು ತೆರೆಯುತ್ತಾನೆ. ಪರಿಚಿತ ಪದವನ್ನಾದರೋ ತನಗೆ ತಿಳಿದ ಒಂದೇ ಅರ್ಥದಲ್ಲಿ ಓದಿ ಮುಂದೆ ಸಾಗುತ್ತಾನೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಭೂಕಂದಾಯ ಚರಿತ್ರೆಗೆ ಸಂಬಂಧಿಸಿದ ಮೂರು ಆಂಗ್ಲ ಪದಗಳನ್ನು ತೆಗೆದುಕೊಂಡು ಈ ಅಪಾಯದ ಸ್ವರೂಪವನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸ್ಥಳನಾಮಗಳ ವಿಷಯದಲ್ಲಿ ಒಂದು ಮಾತು. 1884ರ ಬೆಳಗಾವಿ ಗ್ಯಾಝೆಟಿಯರಿನ ಕಾಲಕ್ಕೆ ಹುಕ್ಕೇರಿಯಾಗಲಿ ಮೂಡಲಗಿಯಾಗಲಿ ತಾಲೂಕಿನ ಕೇಂದ್ರವಾಗಿರಲಿಲ್ಲ. ಹುಕ್ಕೇರಿಯ ವಿವರಗಳನ್ನು ಚಿಕ್ಕೋಡಿಯ ಹೆಸರಿನಲ್ಲಿಯೂ, ಮೂಡಲಗಿಯ ವಿವರಗಳನ್ನು ಗೋಕಾಕದ ಹೆಸರಿನಲ್ಲಿಯೂ ಅರಸಬೇಕು. ಮೂಡಲಗಿಯು ಪ್ರತ್ಯೇಕ ತಾಲೂಕಾದುದು ತೀರ ಇತ್ತೀಚೆಗೆ. ಪೇಶ್ವೆಯರ ಆಳಿಕೆಯಲ್ಲಿ ಮರಾಠಿ ಭಾಷೆ, ಮೋಡಿ ಲಿಪಿಗಳಲ್ಲಿ ನಡೆದಿದ್ದ ಲೆಕ್ಕಪತ್ರಗಳ ಮೇಲೆ 1818ರ ತರುವಾಯ ಆಂಗ್ಲ ಪದಗಳ ಪದರವೊಂದು ಕೂಡಿತು. ಹೊಲವನ್ನು ಉಳುತ್ತಿದ್ದವನ ಮಾತು ಮಾತ್ರ ಕನ್ನಡ. ಆದುದರಿಂದ ಈ ಭಾಗದ ಒಂದು ಹಕ್ಕು ದಾಖಲೆಗೆ ಏರುವ ಮುನ್ನ ಎರಡು ಮೂರು ಭಾಷೆಗಳನ್ನು ದಾಟಬೇಕಾಗುತ್ತಿತ್ತು.

ಮೊದಲನೆಯ ಪದ ‘ಸೆಟ್ಲಮೆಂಟ್’. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1835ರಿಂದೀಚೆಗೆ ರೂಪಿಸಿದ ಮುಂಬಯಿ ಪದ್ಧತಿಯಲ್ಲಿ ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಬಾಂದಗಲ್ಲು ನೆಟ್ಟು, ಮಣ್ಣಿನ ಗುಣವನ್ನು ಆಣೆಗಳ ಲೆಕ್ಕದಲ್ಲಿ ಅಳೆದು, ತೆರಿಗೆಯ ದರವನ್ನು ಸಾಮಾನ್ಯವಾಗಿ 30 ವರ್ಷಗಳ ಅವಧಿಗೆ ನಿಗದಿಗೊಳಿಸಲಾಗುತ್ತಿತ್ತು. ಇದು ಸೆಟ್ಲಮೆಂಟಿನ ಒಂದು ಅರ್ಥ. ವರ್ಷವರ್ಷವೂ ಊರಿನ ಲೆಕ್ಕ ತನಿಖೆ ಮಾಡಿ ಆ ವರ್ಷದ ಬಾಕಿಯನ್ನು ಗೊತ್ತುಪಡಿಸುವ ಜಮಾಬಂದಿಯನ್ನೂ ಆಂಗ್ಲರು ‘ವಾರ್ಷಿಕ ಸೆಟ್ಲಮೆಂಟ್’ ಎಂದೇ ಬರೆದರು. ಎರಡನ್ನೂ ಜಮಾಬಂದಿಯೆಂದು ಅನುವಾದಿಸಿದರೆ, ರೈತನ ಹೊಲದ ದರವು ವರ್ಷಕ್ಕೊಮ್ಮೆ ಬದಲಾಗುತ್ತಿತ್ತೆಂಬ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಇನ್ನು 1863ರ ಮುಂಬಯಿ ಎರಡನೆಯ ಕಾಯ್ದೆಯ ‘ಸಮ್ಮರಿ ಸೆಟ್ಲಮೆಂಟ್’ ಎಂದರೆ ಇನಾಮುದಾರರ ಹಕ್ಕಿನ ತಕರಾರುಗಳನ್ನು ದೀರ್ಘ ವಿಚಾರಣೆಯಿಲ್ಲದೆ ಮುಗಿಸಿಕೊಂಡ ಏರ್ಪಾಡು.

ಇದೇ ಪದದ ಮತ್ತೊಂದು ಅರ್ಥ ಗೋಕಾಕ ಫಾಲ್ಸಿನಲ್ಲಿ ದೊರೆಯುತ್ತದೆ. ಘಟಪ್ರಭೆಯ ಜಲಪಾತದ ಮಗ್ಗುಲಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ನೂಲಿನ ಗಿರಣಿಯು ಪ್ರಾರಂಭವಾಯಿತು. 20ನೆಯ ಶತಮಾನದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ಒಳಪಟ್ಟ ಕುಟುಂಬಗಳಿಗಾಗಿ ಮುಂಬಯಿ ಸರಕಾರವು ಸ್ಥಾಪಿಸಿದ ಸೆಟ್ಲಮೆಂಟುಗಳಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗಗಳವುಗಳೊಡನೆ ಗೋಕಾಕ ಫಾಲ್ಸಿನದೂ ಒಂದು. ಇದನ್ನು ‘ವಸಾಹತು’ ಎಂದು ಬರೆದರೆ ಜನರು ತಾವಾಗಿಯೇ ಬಂದು ನೆಲಸಿದ ಊರಿನ ಚಿತ್ರವು ಓದುಗನ ಮನಸ್ಸಿನಲ್ಲಿ ಮೂಡುತ್ತದೆ. ಅಲ್ಲಿ ಹಾಜರಿ ಕಡ್ಡಾಯವಾಗಿತ್ತು. ಅಪ್ಪಣೆಯಿಲ್ಲದೆ ಹೊರಹೋಗುವುದು ಅಪರಾಧವಾಗಿತ್ತು. ಆ ಕಾಯ್ದೆಯು 1952ರಲ್ಲಿ ರದ್ದಾಯಿತು. ಆಡುಮಾತಿನಲ್ಲಿ ಹುಬ್ಬಳ್ಳಿಯ ಜನರು ಆ ಜಾಗವನ್ನು ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುವುದು ಗಮನಾರ್ಹ. ವಿದ್ವಾಂಸರ ‘ವಸಾಹತು’ ಎಂಬ ಪದಕ್ಕಿಂತ ಜನರ ಈ ಬಳಕೆಯೇ ಸತ್ಯಕ್ಕೆ ಹತ್ತಿರವಾದುದೆಂದು ನಮ್ಮ ಅಭಿಪ್ರಾಯ.

ಎರಡನೆಯ ಪದ ‘ಏಲಿಯನೇಶನ್’. 1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲಿ ‘ಏಲಿಯನೇಟೆಡ್’ ಗ್ರಾಮವೆಂದರೆ ಕಂದಾಯವನ್ನು ಪಡೆಯುವ ಸರಕಾರದ ಹಕ್ಕು ಪೂರ್ಣವಾಗಿಯೋ ಅಂಶತಃವಾಗಿಯೋ ಇನ್ನೊಬ್ಬರಿಗೆ ಸಂದ ಗ್ರಾಮ. ನಮ್ಮ ಮಾತಿನಲ್ಲಿ ಇನಾಮು ಗ್ರಾಮ. 1900ರ ಪಂಜಾಬ ಕಾಯ್ದೆಯ ಹೆಸರಿನಲ್ಲಿಯಾದರೋ ಅದೇ ಪದಕ್ಕೆ ರೈತನು ತನ್ನ ಭೂಮಿಯನ್ನು ಮಾರಾಟದಿಂದಲೋ ಒತ್ತೆಯಿಂದಲೋ ಪರಭಾರೆ ಮಾಡುವುದು ಎಂದರ್ಥ. 1901ರಲ್ಲಿ ಮುಂಬಯಿ ಶಾಸನಸಭೆಯು ರೈತನ ಪರಭಾರೆಯ ಹಕ್ಕನ್ನು ಕೆಲವು ಭೂಮಿಗಳ ಮಟ್ಟಿಗೆ ನಿರ್ಬಂಧಿಸುವ ಮಸೂದೆಯನ್ನು ಕೈಗೊಂಡಾಗ ಫಿರೋಜಶಹಾ ಮೆಹತಾ ಮೊದಲಾದ ಸದಸ್ಯರು ಸಭಾತ್ಯಾಗ ಮಾಡಿದರು. ಒಂದು ಅರ್ಥದಲ್ಲಿ ಕೊಡುವವನು ಸರಕಾರ, ಇನ್ನೊಂದರಲ್ಲಿ ರೈತ. ಗೋಕಾಕ ತಾಲೂಕಿನ ‘ಏಲಿಯನೇಟೆಡ್’ ಹಳ್ಳಿಯನ್ನು ‘ಪರಭಾರೆಯಾದ ಹಳ್ಳಿ’ ಎಂದು ಬರೆದ ಕ್ಷಣದಲ್ಲಿಯೇ, ಎಂದೂ ಹೊಲ ಮಾರದ ರೈತರ ಒಂದು ಊರನ್ನು ನಾವು ಕಾಗದದ ಮೇಲೆ ಮಾರಿಬಿಟ್ಟಂತಾಗುತ್ತದೆ.

ಮೂರನೆಯ ಪದ ‘ಆಕ್ಯುಪೆಂಟ್’. ಸಾಮಾನ್ಯ ಆಂಗ್ಲದಲ್ಲಿ ಇದಕ್ಕೆ ಒಂದು ಜಾಗದಲ್ಲಿ ಇರುವವನು ಎಂದಷ್ಟೇ ಅರ್ಥ. ಮುಂಬಯಿ ಸಂಹಿತೆಯಲ್ಲಿ ಇದು ಸರಕಾರಕ್ಕೆ ನೇರವಾಗಿ ಕಂದಾಯ ಕೊಡುವ ಹಿಡುವಳಿದಾರನ ಹೆಸರು. ಅವನ ಕೈಕೆಳಗೆ ಹೊಲ ಮಾಡುವ ಗೇಣಿದಾರನಿಗೆ ಈ ಹೆಸರು ಸಲ್ಲದು. ನಮ್ಮ ಪಹಣಿಯಲ್ಲಿ ಕಬ್ಜೆದಾರನಿಗೆ ಒಂದು ಕಲಮು, ಸಾಗುವಳಿದಾರನಿಗೆ ಇನ್ನೊಂದು ಕಲಮು ಇರುವುದು ಈ ಭೇದದಿಂದಲೇ. ಕಬ್ಜೆಯೆಂಬ ಮಾತನ್ನು ಬರಿಯ ಸ್ವಾಧೀನವೆಂದು ತಿಳಿದವನು ಎರಡು ಕಲಮುಗಳನ್ನು ಒಂದಾಗಿಸಿಬಿಡುತ್ತಾನೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಗೇಣಿದಾರರು ನ್ಯಾಯಮಂಡಳಿಗಳ ಮುಂದೆ ಕೇಳಿದುದು ಈ ‘ಆಕ್ಯುಪೆನ್ಸಿ’ ಹಕ್ಕನ್ನೇ. ಕನ್ನಡದಲ್ಲಿ ಅದಕ್ಕೆ ‘ಅಧಿಭೋಗದ ಹಕ್ಕು’ ಎಂದು ಹೆಸರಾಯಿತು. ಹೊಲದಲ್ಲಿ ಮೊದಲೇ ಇದ್ದವನು ಹೊಲದಲ್ಲಿರುವ ಹಕ್ಕನ್ನು ಏಕೆ ಕೇಳಿದನೆಂಬ ಪ್ರಶ್ನೆಗೆ ಉತ್ತರವು ಪದದ ಅರ್ಥದಲ್ಲಿಯೇ ಅಡಗಿದೆ.

ತೊಡಕು ಆಂಗ್ಲದ ಪಾಲಿಗೆ ಮಾತ್ರ ಮೀಸಲಲ್ಲ. ನಮ್ಮ ‘ಆಕಾರ’ವು ರೂಪವೂ ಹೌದು, ಹೊಲದ ಮೇಲಿನ ತೆರಿಗೆಯೂ ಹೌದು. ‘ಲಾವಣಿ’ಯೆಂದರೆ ಹಾಡುಗಬ್ಬ, ಈ ಸೀಮೆಯ ರೈತರಲ್ಲಿ ಹೊಲವನ್ನು ಗೇಣಿಗೆ ಹಾಕುವುದಕ್ಕೂ ಅದೇ ಹೆಸರು. ಕನ್ನಡ ಪತ್ರವನ್ನು ಆಂಗ್ಲಕ್ಕೆ ತಿರುಗಿಸುವವನೂ ಇಷ್ಟೇ ಎಚ್ಚರವಾಗಿರಬೇಕು.

ಇದರಿಂದ ಸಂಶೋಧಕ ವಿದ್ಯಾರ್ಥಿಗಳಿಗೆ ಎರಡು ಸೂಚನೆಗಳನ್ನು ಕೊಡಬಹುದು. ಅನುವಾದಿಸುವ ಮೊದಲು ಆ ಪದವು ಯಾವ ವರ್ಷದ ಯಾವ ಕಾಯ್ದೆಗೆ ಸೇರಿದುದೆಂಬುದನ್ನು ನೋಡತಕ್ಕದ್ದು. ಕೋಶಕ್ಕಿಂತ ಕಾಯ್ದೆಯ ವ್ಯಾಖ್ಯೆಯೇ ಪ್ರಮಾಣ. ಅನಂತರ ಆ ಊರಿನ ತಲಾಠಿಯ ದಫ್ತರದಲ್ಲಿಯೂ ಹಳೆಯ ರೈತರ ಬಾಯಲ್ಲಿಯೂ ಆ ವಸ್ತುವಿಗೆ ಇರುವ ಹೆಸರನ್ನು ಕೇಳತಕ್ಕದ್ದು. ಒಂದು ಆಂಗ್ಲ ಪದಕ್ಕೆ ಒಂದೇ ಕನ್ನಡ ಪದವನ್ನು ಕೊನೆಯವರೆಗೂ ಬಳಸುವುದು ಶಿಸ್ತಿನಂತೆ ತೋರಬಹುದು. ಆದರೆ ಮೇಲೆ ಕಂಡಂತೆ, ಆ ಶಿಸ್ತಿಗೆ ಬೆಲೆ ತೆರುವವನು ಅನುವಾದಕನಲ್ಲ. ಯಾರ ಹೊಲದ, ಯಾರ ಬಾಳಿನ ಚರಿತ್ರೆಯನ್ನು ಬರೆಯುತ್ತಿದ್ದೇವೆಯೋ ಅವನು.