ಬಸ್ಸಾ, ಲಾರಿಯಾ? ಶಿರಾಲಿ ಹೈವೇಯ ಹಳೇ ಪ್ರಶ್ನೆ

ಹೆವಿ ಲೈಸೆನ್ಸ್ ಸಿಕ್ಕ ಶಿರಾಲಿ ಹುಡುಗರ ಮುಂದೆ ಎರಡು ದಾರಿ: ಬಸ್ಸು, ಇಲ್ಲಾ ಲಾರಿ. ಯಾವುದು ವಾಸಿ? ಉತ್ತರ ಇತಿಹಾಸದಲ್ಲಿದೆ.

1956ರವರೆಗೆ ಉತ್ತರ ಕನ್ನಡ ಮುಂಬೈ ರಾಜ್ಯದಲ್ಲಿತ್ತು. ಆ ರಾಜ್ಯ 1948ರಲ್ಲೇ ಸರ್ಕಾರಿ ಬಸ್ ಶುರು ಮಾಡಿತ್ತು. 1997ರಲ್ಲಿ ನಮ್ಮ ವಾಯವ್ಯ ಸಾರಿಗೆ ನಿಗಮ ಬಂತು. ಹಾಗಾಗಿ ಇಲ್ಲಿ ಬಸ್ ಡ್ರೈವರ್ ಅಂದ್ರೆ ಡಿಪೋ, ಡ್ಯೂಟಿ, ಪಿಎಫ್.

ಲಾರಿ ಖಾಸಗಿಯಾಗೇ ಉಳೀತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕ್ತು. ಆದ್ರೆ ಅದು ತಾನಾಗಿ ಅನ್ವಯ ಆಗಿದ್ದು 5 ಅಥವಾ ಹೆಚ್ಚು ಕೆಲಸಗಾರರಿರೋ ಕಡೆಗೆ ಮಾತ್ರ. ಒಂದೇ ಲಾರಿಯ ಮಾಲೀಕರ ಹತ್ರ ಇರೋದು ಡ್ರೈವರ್, ಕ್ಲೀನರ್ ಇಬ್ಬರೇ! ಅಲ್ಲಿ ಲೆಕ್ಕ ಟ್ರಿಪ್ಪಿಗೆ, ನಿದ್ದೆಗಲ್ಲ.

1999ರಲ್ಲಿ ಕೊಂಕಣ ರೈಲ್ವೆ ಲಾರಿಗಳನ್ನೇ ರೈಲಿಗೆ ಹತ್ತಿಸ್ತು; ಅದೇ ರೋರೋ. ಸುರತ್ಕಲ್‌ನಿಂದ ಹೊರಟ ಲಾರಿ ಚಿತ್ರಾಪುರ ದಾಟುವಾಗ ಡ್ರೈವರ್ ಸ್ಟೇರಿಂಗ್ ಬಿಟ್ಟು ಕ್ಯಾಬಿನ್‌ನಲ್ಲೇ ಕಾಲು ಚಾಚಬಹುದು.

ಹಾಗಂತ ಎಲ್ಲಾ ಬಸ್ಸೂ ಒಂದೇ ಅಲ್ಲ. ರಾತ್ರಿ ಓಡೋ ಖಾಸಗಿ ಸ್ಲೀಪರ್ ಕೋಚಿನಲ್ಲಿ ಮಲಗೋರು ಪ್ರಯಾಣಿಕರು. ಡ್ರೈವರ್ ಎಚ್ಚರವಾಗೇ ಇರ್ಬೇಕು. ಅದಕ್ಕೇ, ಬಸ್ಸೋ ಲಾರಿಯೋ ಅನ್ನೋದಕ್ಕಿಂತ ಮೊದಲು ಕೇಳಿ: ಎರಡನೇ ಡ್ರೈವರ್ ಇದ್ದಾರಾ? ಮಲಗೋಕೆ ಎಷ್ಟು ಗಂಟೆ ಕೊಡ್ತೀರಾ? ಸಂಬಳದ ಮಾತು ಆಮೇಲೆ.