ಚರ್ಚಿಗೆ ಹೋಗುವವನ ಕೈಯಲ್ಲಿ ಲೆಕ್ಕದ ವಹಿ



ಹೋದ ವರ್ಷ ಭೀಮ ಜಯಂತಿಯ ಪಟ್ಟಿ ಎತ್ತುವ ಮೊದಲು ನಮ್ಮ ಸಂಘದ ಮೀಟಿಂಗ್ ಆಯಿತು. ಲೆಕ್ಕ ಬರೆದಿಡಲು ಒಬ್ಬರು ಬೇಕಾಗಿತ್ತು. ನಮ್ಮ ಗಲ್ಲಿಯಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಒಬ್ಬನೇ ಇದ್ದಾನೆ. ಅವನ ಮನೆಯವರು ಭಾನುವಾರ ಚರ್ಚಿಗೆ ಹೋಗುವವರು. ಅವನ ಹೆಸರು ಬಂದ ಕೂಡಲೇ ಒಬ್ಬ ಅಣ್ಣ ಎದ್ದು, "ಆ ಮಂದಿನ್ನ ಹೆಂಗ ನಂಬೂದು? ಕಾಗದದಾಗ ಒಂದು ಧರ್ಮ, ಭಾನುವಾರ ಇನ್ನೊಂದು ಧರ್ಮ. ನಾಳೆ ನಮ್ಮ ಸಂಘಾನೂ ಚರ್ಚಿಗೆ ಒಯ್ತಾರ" ಅಂದರು. ದೇವರೇ ಇಲ್ಲ ಅನ್ನುವ ನಮ್ಮ ಕಾಕಾ ಒಬ್ಬರಿದ್ದಾರೆ. ಅವರು, "ಕಾಣದ ದೇವರನ್ನ ನಂಬವನ್ನ ನಾ ಹೆಂಗ ನಂಬಲೋ" ಅಂತ ಚಾಷ್ಟಿ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಮುಚ್ಚಿಡುವುದಿಲ್ಲ. ಆ ಹುಡುಗ ಬಾಗಿಲ ಹತ್ತಿರವೇ ಕೂತಿದ್ದ. ಮಾತು ಅಲ್ಲಿಗೇ ನಿಂತಿತು, ಲೆಕ್ಕ ಬೇರೆಯವರ ಕೈಗೆ ಹೋಯಿತು.

ಈ ಸಲ ಸಂಚಿಕೆಗೆ ಬಾಬಾಸಾಹೇಬರ ಚರಿತ್ರೆ ಬರೆ ಅಂತ ಹಿರಿಯರು ಹೇಳಿದರು. ಅದನ್ನು ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ನನಗೆ ಮಾತ್ರ ಆ ದಿನದ ನಗು ತಲೆಯಿಂದ ಹೋಗಿಲ್ಲ. ಏಸುವನ್ನು ನಂಬದ ನಾವು, ಏಸುವನ್ನು ನಂಬುವವರನ್ನು ನಂಬಬಹುದೋ ಇಲ್ಲವೋ? ನಮ್ಮ ಹಿಂದಿನವರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರು ಅಂತ ನೋಡಲು ಲೈಬ್ರರಿಯಲ್ಲಿ ಕೂತೆ. ಇದು ಬಿ.ಎ. ಪರೀಕ್ಷೆಗೆ ಬರುವುದಿಲ್ಲ, ಆ ಮಾತು ಬೇರೆ.

ಮೊದಲು ಒಬ್ಬ ಹುಡುಗಿಯ ಸುದ್ದಿ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ನಡೆಸುತ್ತಿದ್ದ ಶಾಲೆಯಲ್ಲಿ ಮುಕ್ತಾ ಸಾಳ್ವೆ ಎಂಬ ಹುಡುಗಿ ಓದುತ್ತಿದ್ದಳು. ಮಾಂಗ ಸಮಾಜದವಳು, ವಯಸ್ಸು ಸುಮಾರು 14. ಮಾಂಗ ಮಹಾರರ ದುಃಖದ ಬಗ್ಗೆ ಅವಳು ಒಂದು ನಿಬಂಧ ಬರೆದಳು. ಪೇಶವೆ ಕಾಲದಲ್ಲಿ ನಮ್ಮವರು ತಾಲೀಮಖಾನೆಯ ಮುಂದೆ ಹಾದುಹೋದರೆ ತಲೆ ಉಳಿಯುತ್ತಿರಲಿಲ್ಲ ಅನ್ನುವುದನ್ನು ಬರೆದಳು. ಹೆರಿಗೆಯಾದ ನಮ್ಮ ಹೆಂಗಸರ ತಲೆಯ ಮೇಲೆ ಸೂರಿಲ್ಲ, ಅವರು ಮಳೆಗೂ ಚಳಿಗೂ ನಡುಗುತ್ತಾರೆ ಅನ್ನುವುದನ್ನೂ ಬರೆದಳು. ವೇದ ಬ್ರಾಹ್ಮಣರದ್ದು ಅಂದಮೇಲೆ ನಮಗೆ ಧರ್ಮಗ್ರಂಥವೇ ಇಲ್ಲವಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ದೇವರನ್ನೇ ಕೇಳಿದಳು. 1855ರಲ್ಲಿ ಹದಿನಾಲ್ಕರ ಹುಡುಗಿ ಕೇಳಿದ ಪ್ರಶ್ನೆ ಇದು. ನನಗೆ 21 ಆದರೂ ಮೀಟಿಂಗಿನಲ್ಲಿ ಎದ್ದು ಮಾತಾಡಲು ಕಾಲು ನಡುಗುತ್ತವೆ.

ಆ ನಿಬಂಧವನ್ನು ಅಚ್ಚು ಹಾಕಿದ್ದು 'ಜ್ಞಾನೋದಯ' ಎಂಬ ಪತ್ರಿಕೆ. 1842ರಲ್ಲಿ ಅಹಮದನಗರದಲ್ಲಿ ಶುರುವಾದ ಈ ಪತ್ರಿಕೆ ಅಮೆರಿಕನ್ ಮರಾಠಿ ಮಿಶನ್‌ನದ್ದು. ನಮ್ಮ ಸೊಲ್ಲಾಪುರದಲ್ಲೂ ಶಾಲೆ, ಚರ್ಚು ಕಟ್ಟಿದ್ದು ಅದೇ ಮಿಶನ್. ಅವರಿಗೆ ತಮ್ಮದೇ ಉದ್ದೇಶ ಇತ್ತು, ಇಲ್ಲ ಅನ್ನಲಾರೆ. ಬ್ರಾಹ್ಮಣ ಧರ್ಮದ ವಿರುದ್ಧ ಯಾರು ಏನು ಬರೆದರೂ ಅದು ಅವರ ಪ್ರಚಾರಕ್ಕೆ ಅನುಕೂಲವೇ ಆಗುತ್ತಿತ್ತು. ಆದರೆ ಮುಕ್ತಾ ತನ್ನವರಿಗೆ ಕ್ರಿಶ್ಚನ್ ಆಗಿರಿ ಅಂತ ಕರೆ ಕೊಡುವುದಿಲ್ಲ. ಓದಿರಿ, ಕಲಿಯಿರಿ ಅನ್ನುವುದೇ ಅವಳ ಕೊನೆಯ ಮಾತು. ಮಿಶನರಿಗಳು ಅದನ್ನು ಎರಡು ಸಂಚಿಕೆಗಳಲ್ಲಿ ಅಚ್ಚು ಹಾಕಿದರು. ಆ ಪತ್ರಿಕೆ ಇಲ್ಲದಿದ್ದರೆ ಮುಕ್ತಾ ಎಂಬ ಹೆಸರೇ ಇವತ್ತು ನಮಗೆ ಸಿಗುತ್ತಿರಲಿಲ್ಲ.

ಜೋತಿಬಾ ಅವರ ಜೀವನದಲ್ಲೂ ಹೀಗೇ ಇದೆ. 1841ರಿಂದ 1847ರ ತನಕ ಅವರು ಓದಿದ್ದು ಪುಣೆಯ ಸ್ಕಾಟಿಶ್ ಮಿಶನ್ ಶಾಲೆಯಲ್ಲಿ. ಅಹಮದನಗರದಲ್ಲಿ ಮಿಸ್ ಫರಾರ್ ಎಂಬ ಅಮೆರಿಕದ ಮಿಶನರಿ ಹೆಣ್ಣುಮಗಳು ನಡೆಸುತ್ತಿದ್ದ ಹುಡುಗಿಯರ ಶಾಲೆಯನ್ನು ನೋಡಿ ಬಂದು, 1848ರಲ್ಲಿ ತಾವೂ ಪುಣೆಯಲ್ಲಿ ಶಾಲೆ ತೆರೆದರು. ಅವರ ಗೆಳೆಯ ಬಾಬಾ ಪದ್ಮನ್‌ಜಿ 1854ರಲ್ಲಿ ಬಾಪ್ತಿಸ್ಮ ತೆಗೆದುಕೊಂಡರು. ಜೋತಿಬಾ ತೆಗೆದುಕೊಳ್ಳಲಿಲ್ಲ. ಅವರು ಥಾಮಸ್ ಪೇನ್‌ನ ಪುಸ್ತಕ ಓದಿದವರು. ಪೇನ್ ಅಂದರೆ ಬೈಬಲ್ಲು ದೇವರ ಮಾತು ಅಂತ ಒಪ್ಪದವನು. ಮಿಶನ್ ಶಾಲೆಯಲ್ಲಿ ಕಲಿತು, ಪೇನ್‌ನನ್ನು ಓದಿ, ಮಿಶನರಿಗಳ ಜೊತೆ ಸ್ನೇಹ ಇಟ್ಟುಕೊಂಡು, 1873ರಲ್ಲಿ ಪೂಜಾರಿಯೂ ಪಾದ್ರಿಯೂ ಬೇಡದ ಸತ್ಯಶೋಧಕ ಸಮಾಜ ಕಟ್ಟಿದರು. ಇವನು ಒಳಗಿಂದ ಕ್ರಿಶ್ಚನ್ನೇ ಅಂತ ಪುಣೆಯ ಸನಾತನಿಗಳು ಆಡಿಕೊಂಡರು. ಅವರು ತೀರಿಹೋದ ಮೇಲೆ 1891ರಲ್ಲಿ ಬಂದ 'ಸಾರ್ವಜನಿಕ ಸತ್ಯಧರ್ಮ ಪುಸ್ತಕ'ದಲ್ಲಿ ಒಂದು ಮನೆಯ ಚಿತ್ರ ಇದೆ. ಹೆಂಡತಿ ಬೌದ್ಧಳು, ಗಂಡ ಕ್ರಿಶ್ಚನ್, ಮಗಳು ಮುಸಲ್ಮಾನಳು, ಮಗ ಸತ್ಯಧರ್ಮದವನು. ಎಲ್ಲರೂ ಒಬ್ಬರನ್ನೊಬ್ಬರು ದ್ವೇಷಿಸದೆ ಒಂದೇ ಮನೆಯಲ್ಲಿ ಪ್ರೀತಿಯಿಂದ ಇರಬೇಕು ಅನ್ನುತ್ತಾರೆ. ನಮ್ಮ ಗಲ್ಲಿಯಲ್ಲಿ ಅಂಥ ಮನೆ ಇದ್ದರೆ ನೀರಿನ ನಳದ ಹತ್ತಿರ ಏನೇನು ಮಾತು ಬರುತ್ತಿತ್ತೋ!

ಇಷ್ಟು ಓದಿದ ಮೇಲೆ ಕಾಕಾ ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ದೇವರನ್ನು ನಂಬುವುದು ಒಂದು, ರೊಕ್ಕದ ಲೆಕ್ಕ ಸರಿ ಇಡುವುದು ಇನ್ನೊಂದು. ಯಾವ ದೇವರನ್ನೂ ನಂಬದವರು, ಬಾಬಾಸಾಹೇಬರ ಫೋಟೋಕ್ಕೆ ದಿನಾ ಹಾರ ಹಾಕುವವರು ಪಟ್ಟಿ ರೊಕ್ಕ ತಿಂದ ಕಥೆ ಯಾವ ಊರಿಗೂ ಹೊಸದಲ್ಲ.

ಆದರೆ ಆ ಅಣ್ಣನ ಮಾತನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ಸಂಶಯಕ್ಕೆ ಕಾರಣವೂ ಇದೆ. ಕೆಲವು ವರ್ಷದ ಹಿಂದೆ ಹೊರಗಿನಿಂದ ಬಂದ ಒಬ್ಬ ಬೋಧಕರು ನಮ್ಮ ಚಿಗವ್ವನಿಗೆ, ಗ್ವಾಡಿ ಮೇಲಿನ ಬುದ್ಧನ ಚಿತ್ರ, ಬಾಬಾಸಾಹೇಬರ ಫೋಟೋ ತೆಗೆದರೆ ಮಗನ ಜಡ್ಡು ವಾಸಿಯಾಗುತ್ತದೆ ಅಂದರು. ಮಗನ ಜೀವದ ಚಿಂತೆ ನೋಡ್ರಿ, ಆಕೆ ತೆಗೆದಳು. ಎಂಟು ದಿನಕ್ಕೆ ದವಾಖಾನೆಯ ಗುಳಿಗೆಯಿಂದ ಹುಡುಗ ಎದ್ದು ಕೂತ. ಚಿಗವ್ವ ಫೋಟೋ ಒರೆಸಿ ಮತ್ತೆ ಅದೇ ಮೊಳೆಗೆ ಹಾಕಿದಳು. ಆ ಬೋಧಕರನ್ನು ನಾನು ನಂಬುವುದಿಲ್ಲ. ಅವರು ಚರ್ಚಿನವರು ಅಂತ ಅಲ್ಲ. ಒಬ್ಬ ತಾಯಿಯ ಅಂಜಿಕೆಯನ್ನು ಹಿಡಿದು ವ್ಯಾಪಾರ ಮಾಡಿದರು ಅಂತ.

ಇನ್ನು ಬಾಬಾಸಾಹೇಬರು. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ, ಹಿಂದೂ ಆಗಿ ಸಾಯುವುದಿಲ್ಲ ಅಂತ ಅವರು ಸಾರಿದ ಮೇಲೆ ಎಲ್ಲ ಧರ್ಮದವರೂ ಅವರ ಕಡೆ ನೋಡತೊಡಗಿದರು. ಕ್ರೈಸ್ತರೂ ನೋಡಿದರು. ಮುಂದೆ ನಡೆದದ್ದು ನಮ್ಮ ಊರಿನಲ್ಲೇ ನಡೆದರೂ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. 1938ರ ಜನವರಿ 1ರಂದು ಸೊಲ್ಲಾಪುರದಲ್ಲಿ ಅವರು ಭಾರತೀಯ ಕ್ರೈಸ್ತರ ಸಭೆಯಲ್ಲಿ ಭಾಷಣ ಮಾಡಿದರು. ಆ ಭಾಷಣ ಅವರ 'ಜನತಾ' ಪತ್ರಿಕೆಯಲ್ಲಿ ಬಂದಿದೆ. ತಮ್ಮ ಮನಸ್ಸನ್ನು ಸೆಳೆದ ಇಬ್ಬರು ಬುದ್ಧ ಮತ್ತು ಕ್ರಿಸ್ತ ಅಂತ ಅವರು ಅಲ್ಲಿ ಹೇಳಿದರು. ಇಷ್ಟು ಕೇಳಿ ಕೂತವರಿಗೆ ಖುಷಿ ಆಗಿರಬೇಕು. ಆಮೇಲೆ ಅವರ ಮುಖಕ್ಕೇ ಅವರ ತಪ್ಪು ಹೇಳಿದರು. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿ ಇನ್ನೂ ಇದೆ ಅಂದರು. ಒಬ್ಬ ಅಸ್ಪೃಶ್ಯನಿಗೆ ಬಾಪ್ತಿಸ್ಮ ಕೊಟ್ಟರೆ ತಮ್ಮ ಕೆಲಸ ಮುಗಿಯಿತು ಅಂತ ಮಿಶನರಿಗಳು ತಿಳಿಯುತ್ತಾರೆ, ಅವನ ರಾಜಕೀಯ ಹಕ್ಕಿನ ಗೊಡವೆಗೆ ಹೋಗುವುದಿಲ್ಲ ಅಂದರು. ನಾವು ಅಕ್ಷರ ಬಾರದವರು, ಆದರೆ ಚಳವಳಿ ಮಾಡಿದ್ದಕ್ಕೆ ವಿಧಾನಸಭೆಯಲ್ಲಿ 15 ಸೀಟು ಬಂದವು. ನೀವು ಓದಿದವರು, ನರ್ಸ್ ಆದಿರಿ, ಮಾಸ್ತರ ಆದಿರಿ, ನಿಮ್ಮ ನಿಮ್ಮ ಕೆಲಸ ನೋಡಿಕೊಂಡು ಸುಮ್ಮನೆ ಕೂತಿರಿ. ಇದು ಅವರ ಮಾತಿನ ತಾತ್ಪರ್ಯ.

ಬಾಬಾಸಾಹೇಬರು ಕ್ರೈಸ್ತರನ್ನು ದೂರ ಇಡಲಿಲ್ಲ, ಹೊಸ ವರ್ಷದ ದಿನ ಅವರ ಸಭೆಗೇ ಹೋದರು. ಏಸುವನ್ನು ಹೊಗಳಿದ್ದರಿಂದ ಅವರ ತಪ್ಪಿಗೆ ರಿಯಾಯಿತಿಯನ್ನೂ ಕೊಡಲಿಲ್ಲ. ಅನ್ಯಾಯ ಆದಾಗ ನೀವು ಎಲ್ಲಿ ನಿಂತಿದ್ದಿರಿ, ಇದೊಂದೇ ಅವರು ಕೇಳಿದ್ದು. ನನಗೆ ಇದು ನಂಬದವರು ಮಾಡುವ ಕೆಲಸ ಅನ್ನಿಸುವುದಿಲ್ಲ. ನಂಬಿಕೆ ಇಲ್ಲದವರ ಹತ್ತಿರ ಯಾರೂ ಲೆಕ್ಕ ಕೇಳಲು ಹೋಗುವುದಿಲ್ಲ.

ಅದೇ ಭಾಷಣದಲ್ಲಿ ಇನ್ನೊಂದು ಮಾತಿದೆ. ಸ್ಕಾಲರ್‌ಶಿಪ್ ತೆಗೆದುಕೊಳ್ಳುವ ಅಸ್ಪೃಶ್ಯ ಹುಡುಗ ಕ್ರಿಶ್ಚನ್ ಆದರೆ ಅವನ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಮನೆಯ ಬಡತನ ಮಾತ್ರ ಹಾಗೇ ಇರುತ್ತದೆ ಅಂದರು. ಇಲ್ಲಿಂದ ನಮ್ಮ ಅಣ್ಣ ಹೇಳಿದ "ಕಾಗದದಾಗ ಒಂದು ಧರ್ಮ"ದ ವಿಷಯಕ್ಕೆ ಬರುತ್ತೇನೆ. ಕ್ರೈಸ್ತರಾದವರನ್ನು ಪರಿಶಿಷ್ಟ ಜಾತಿಯಲ್ಲಿ ಎಣಿಸಬಾರದು ಅಂತ ಮೊದಲು ಬರೆದದ್ದು 1936ರ ಆದೇಶ, ಅದೂ ಕ್ರೈಸ್ತ ರಾಜನ ಸರಕಾರದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ 3ನೇ ಪರಿಚ್ಛೇದ ಹಿಂದೂಗಳಿಗೆ ಮಾತ್ರ ಅಂತ ಹೇಳಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಚೆನ್ನೈಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬರಿಗೆ ಕ್ರೈಸ್ತ ಅನ್ನುವ ಕಾರಣಕ್ಕೆ ಸರಕಾರದ ಪುಕ್ಕಟೆ ಡಬ್ಬಾ ಅಂಗಡಿ ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಧರ್ಮ ಬದಲಾದ ಮೇಲೂ ಅದೇ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ಸಿದ್ಧ ಮಾಡಬೇಕು ಅಂತ 1985ರಲ್ಲಿ ತೀರ್ಪು ಬಂತು, ಅವರು ಸೋತರು. ಚಪ್ಪಲಿ ಹೊಲಿಯುವ ಕೆಲಸ ಧರ್ಮದ ಜೊತೆ ಬದಲಾಗಿರಲಿಲ್ಲ.

ನಾವು ಬೌದ್ಧರು ಯಾವಾಗ ಸೇರಿದೆವು ಗೊತ್ತೇನು? 1990ರಲ್ಲಿ. ದೀಕ್ಷೆ ಆದದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 34 ವರ್ಷ. ಮಹಾರಾಷ್ಟ್ರ ಸರಕಾರ ನವಬೌದ್ಧರಿಗೆ ತನ್ನ ಸವಲತ್ತು ಕೊಟ್ಟಿತು, ಕೇಂದ್ರದ ನೌಕರಿಗೆ ಅದು ನಡೆಯುತ್ತಿರಲಿಲ್ಲ. ಈ ಲೇಖನಕ್ಕಾಗಿ ನಾನು ನಮ್ಮ ಮನೆಯ ಟ್ರಂಕ್ ತೆಗೆಸಿದೆ. ಅಪ್ಪನ ಶಾಲೆ ಬಿಟ್ಟ ದಾಖಲೆಯಲ್ಲಿ ಏನಿದೆ? ಹಿಂದೂ ಮಹಾರ. ಅದೇ ಅಪ್ಪ ಹುಣ್ಣಿಮೆಗೆ ಬಿಳಿ ಅಂಗಿ ಹಾಕಿಕೊಂಡು ವಿಹಾರಕ್ಕೆ ಹೋಗುತ್ತಿದ್ದರು. "ಅಜ್ಜಾ ಹಂಗ ಬರೆಸಿದ್ದ. ಇಲ್ಲಂದ್ರ ನೀವೆಲ್ಲಾ ಹೆಂಗ ಕಲೀತಿದ್ರಿ?" ಅಂದರು. ಆ ಹುಡುಗನ ಮನೆಯ ಟ್ರಂಕಿನಲ್ಲಿ ಇರುವುದೂ ಇಂಥದೇ ಕಾಗದ. ನಮ್ಮ ಕಾಗದಕ್ಕೆ ಉಪಾಯ ಅನ್ನುತ್ತೇವೆ, ಅವರ ಕಾಗದಕ್ಕೆ ಮೋಸ ಅನ್ನುತ್ತೇವೆ.

ಇನ್ನೊಂದು ಕಡೆಯಿಂದಲೂ ಕೇಳಬೇಕಲ್ಲ, ಅವರು ನಮ್ಮನ್ನು ಯಾಕೆ ನಂಬಬೇಕು? 3ನೇ ಪರಿಚ್ಛೇದದ ವಿರುದ್ಧ ದಲಿತ ಕ್ರೈಸ್ತರು ಎಷ್ಟೋ ವರ್ಷದಿಂದ ಹೋರಾಡುತ್ತಿದ್ದಾರೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪರಿಚ್ಛೇದ ತೆಗೆಯಿರಿ ಅಂತ ಶಿಫಾರಸು ಮಾಡಿತು. ನಮ್ಮ ಸಂಘ ಅವರ ಪರವಾಗಿ ಒಂದು ಮನವಿಪತ್ರವನ್ನಾದರೂ ಕೊಟ್ಟಿದೆಯೇ? ಇರುವ ಪಾಲು ಹಂಚಿಹೋಗುತ್ತದೆ ಅನ್ನುವ ಅಂಜಿಕೆ ನಮಗೂ ಇದೆ. ಆ ಅಂಜಿಕೆ ಸುಳ್ಳು ಅಂತ ನಾನು ಹೇಳಲಾರೆ. ಆದರೆ 1938ರಲ್ಲಿ ಬಾಬಾಸಾಹೇಬರು ಅವರಿಗೆ ಕೇಳಿದ ಪ್ರಶ್ನೆಯನ್ನು ಇವತ್ತು ಅವರು ನಮಗೆ ಕೇಳಿದರೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ಇದನ್ನು ಅಚ್ಚಿಗೆ ಕೊಡುವ ಮೊದಲು ಆ ಹುಡುಗನಿಗೆ ಓದಲು ಕೊಟ್ಟೆ. ಅವನ ಬಗ್ಗೆ ಬರೆದು ಅವನಿಗೇ ತೋರಿಸದಿದ್ದರೆ ಹೇಗೆ? ನಮ್ಮ ಕಟ್ಟೆಯ ಮೇಲೆ ಕೂತು ಕೊನೆತನಕ ಓದಿದ. ಮುಕ್ತಾಳ ಭಾಗ ಎರಡು ಸಲ ಓದಿದ. ಆಮೇಲೆ, "ಅಕ್ಕಾ, ನಾನೂ ವರ್ಷಾ ಪಟ್ಟಿ ಕೊಟ್ಟೀನಿ, ರಸೀದಿ ಇಟ್ಟೀನಿ. ಹ್ವಾದ ವರ್ಷದ ಲೆಕ್ಕ ಯಾವಾಗ ಓದ್ತೀರಿ?" ಅಂದ.

ಹೋದ ವರ್ಷದ ಲೆಕ್ಕ ಇನ್ನೂ ಯಾರೂ ಓದಿಲ್ಲ. ಬರುವ ಮೀಟಿಂಗಿನಲ್ಲಿ ಮೊದಲು ಅದನ್ನು ಕೇಳುತ್ತೇನೆ, ಆಮೇಲೆ ಅವನ ಹೆಸರು ಹೇಳುತ್ತೇನೆ.