ಕಹಮಾರ್ಕದ ಚಿನ್ನ: ದುರಾಸೆ, ಅಪನಂಬಿಕೆ ಮತ್ತು ಪ್ರತ್ಯರ್ಪಣೆಯ ಧರ್ಮ

ಮಹಾ ಸಂತ ಗ್ರೆಗೊರಿಯವರು ಯೋಬನ ಗ್ರಂಥದ ಮೇಲೆ ಬರೆದ ವ್ಯಾಖ್ಯಾನದಲ್ಲಿ ದುರಾಸೆಗೆ ಏಳು ಹೆಣ್ಣುಮಕ್ಕಳಿದ್ದಾರೆಂದು ಹೇಳುತ್ತಾರೆ. ಅವು ದ್ರೋಹ, ವಂಚನೆ, ಸುಳ್ಳು, ಸುಳ್ಳಾಣೆ, ಅಶಾಂತಿ, ಹಿಂಸೆ ಮತ್ತು ಕರುಣೆಗೆ ಕರಗದ ಕಲ್ಲೆದೆ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಈ ಪಟ್ಟಿಯನ್ನು ಸ್ವೀಕರಿಸಿ ವಿವರಿಸಿದ್ದಾರೆ. ಈ ಏಳರಲ್ಲಿ ಹೆಚ್ಚಿನವು ನಂಬಿಕೆಯನ್ನು ಮುರಿಯುವ ಪಾಪಗಳೆಂಬುದು ಗಮನಾರ್ಹ. ದುರಾಸೆಯನ್ನು ನಾವು ವಸ್ತುವಿನ ಮೇಲಣ ಅತಿಯಾದ ಮೋಹವೆಂದಷ್ಟೇ ಬೋಧಿಸುತ್ತೇವೆ. ಆದರೆ ಅದು ಕೊಳೆಯಿಸುವುದು ಮನುಷ್ಯ ಮನುಷ್ಯರ ನಡುವಣ ಸಂಬಂಧವನ್ನು. ಹದಿನಾರನೆಯ ಶತಮಾನದ ಪೆರು ದೇಶದ ವಿಜಯ ಇದಕ್ಕೆ ಸ್ಪಷ್ಟ ನಿದರ್ಶನ. ಅಲ್ಲಿನ ಕಥೆಯಲ್ಲಿ ನಮ್ಮಂಥ ಗುರುಗಳಿಗೂ ಪಾಲಿತ್ತಾದ್ದರಿಂದ ಗುರುಮಠದಲ್ಲಿ ಅದನ್ನು ಓದಬೇಕಾದ ಅಗತ್ಯ ಇನ್ನೂ ಹೆಚ್ಚು.

ಪಾಲುದಾರಿಕೆಯ ಆರಂಭ

1520ರ ದಶಕದಲ್ಲಿ ಪನಾಮದಲ್ಲಿ ಮೂವರು ಕೂಡಿಕೊಂಡರು: ಸೈನಿಕರಾದ ಫ್ರಾನ್ಸಿಸ್ಕೊ ಪಿಸಾರೊ, ದಿಯೆಗೊ ದೆ ಅಲ್ಮಾಗ್ರೊ ಮತ್ತು ಗುರುಗಳಾದ ಹೆರ್ನಾಂದೊ ದೆ ಲೂಕೆ. ದಕ್ಷಿಣದಲ್ಲಿರುವುದೆಂದು ಕೇಳಿದ್ದ ಚಿನ್ನದ ನಾಡನ್ನು ಹುಡುಕಿ, ದೊರೆತದ್ದನ್ನು ಸಮನಾಗಿ ಹಂಚಿಕೊಳ್ಳುವುದು ಅವರ ಉದ್ದೇಶ. ಲೂಕೆ ಬಲಿಪೂಜೆ ಅರ್ಪಿಸಿ, ಪರಮಪ್ರಸಾದವನ್ನು ಮೂರು ಭಾಗ ಮಾಡಿ ಮೂವರೂ ಸ್ವೀಕರಿಸುವ ಮೂಲಕ ಕರಾರಿಗೆ ಮುದ್ರೆಯೊತ್ತಿದರೆಂದು ಒಂದು ಸಂಪ್ರದಾಯವಿದೆ. ಆ ಕರಾರುಪತ್ರದ ಸಾಚಾತನವನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೆ ಪಾಲುದಾರಿಕೆಯ ಬಗ್ಗೆ ಸಂದೇಹವಿಲ್ಲ.

ಬಿರುಕು ಮೂಡಲು ಚಿನ್ನ ಕೈಗೆ ಬರುವವರೆಗೆ ಕಾಯಬೇಕಾಗಲಿಲ್ಲ. 1529ರ ಜುಲೈ 26ರಂದು ಟೊಲೆಡೊದಲ್ಲಿ ಸಹಿಯಾದ ರಾಜಾಜ್ಞೆಯಲ್ಲಿ ಪಿಸಾರೊ ತನಗಾಗಿ ರಾಜ್ಯಪಾಲ ಹಾಗೂ ಮಹಾದಂಡನಾಯಕನ ಪದವಿಗಳನ್ನು ಪಡೆದುಕೊಂಡ. ಲೂಕೆಗೆ ತುಂಬೆಸ್ ಧರ್ಮಾಧ್ಯಕ್ಷ ಪದವಿಯ ಭರವಸೆ ಸಿಕ್ಕಿತು. ಆ ಪೀಠವನ್ನೇರುವ ಮುನ್ನವೇ ಅವರು ತೀರಿಕೊಂಡರು. ಸಮಪಾಲಿನ ಗೆಳೆಯನಾಗಿದ್ದ ಅಲ್ಮಾಗ್ರೊನಿಗೆ ದೊರೆತದ್ದು ತುಂಬೆಸ್ ಕೋಟೆಯ ಅಧಿಕಾರ ಮಾತ್ರ. ಅದರ ಜೊತೆಗೆ ಪಿಸಾರೊ ಸ್ಪೇನಿನಿಂದ ತನ್ನ ತಮ್ಮಂದಿರನ್ನೂ ಕರೆತಂದ. ಅಂದಿನಿಂದ ಇಬ್ಬರ ನಡುವಿನ ಪ್ರತಿಯೊಂದು ಮಾತನ್ನೂ ಇನ್ನೊಬ್ಬನು ಎರಡು ಬಾರಿ ತೂಗಿ ನೋಡತೊಡಗಿದ.

ಕೋಣೆ ತುಂಬ ಚಿನ್ನ

1532ರ ನವೆಂಬರ್ 16ರಂದು ಕಹಮಾರ್ಕದ ಚೌಕದಲ್ಲಿ 168 ಸ್ಪೇನಿಯರು ಇಂಕಾ ಅರಸ ಅತಹುವಾಲ್ಪನನ್ನು ಸೆರೆಹಿಡಿದರು. ಅರಸನ ಎದುರಿಗೆ ಮೊದಲು ಬಂದು ನಿಂತವರು ದೊಮಿನಿಕನ್ ಸಭೆಯ ವಿಸೆಂತೆ ದೆ ವಾಲ್ವೆರ್ದೆ. ಅವರು ನೀಡಿದ ಪವಿತ್ರ ಪುಸ್ತಕವನ್ನು ಅರಸ ನೆಲಕ್ಕೆಸೆದನು. ಅದನ್ನೇ ನೆಪವಾಗಿಸಿ ಆಕ್ರಮಣ ಆರಂಭವಾಯಿತು. ಆ ಸಂಜೆಯ ಹೊತ್ತಿಗೆ ಸಾವಿರಾರು ಮಂದಿ ಹತರಾಗಿದ್ದರು.

ಬಂದಿದ್ದವರಿಗೆ ಏನು ಬೇಕೆಂಬುದನ್ನು ಅತಹುವಾಲ್ಪ ಬೇಗನೆ ಅರಿತನು. ತನ್ನ ಬಿಡುಗಡೆಗೆ ಪ್ರತಿಯಾಗಿ ಒಂದು ಕೋಣೆಯನ್ನು ಒಮ್ಮೆ ಚಿನ್ನದಿಂದಲೂ ಎರಡು ಬಾರಿ ಬೆಳ್ಳಿಯಿಂದಲೂ ತುಂಬಿಸುವೆನೆಂದು ಮಾತು ಕೊಟ್ಟನು. ತಿಂಗಳುಗಟ್ಟಲೆ ದೇವಾಲಯಗಳ ತಗಡುಗಳೂ ಪಾತ್ರೆಗಳೂ ವಿಗ್ರಹಗಳೂ ಬಂದು ಬಿದ್ದವು. ಅವನ್ನು ಕುಲುಮೆಯಲ್ಲಿ ಕರಗಿಸಿದಾಗ ಸುಮಾರು 6,000 ಕಿಲೊ ಚಿನ್ನವೂ 11,000 ಕಿಲೊಗೂ ಮಿಕ್ಕಿದ ಬೆಳ್ಳಿಯೂ ದೊರೆಯಿತು. ಒಬ್ಬ ಸಾಮಾನ್ಯ ರಾವುತನ ಪಾಲು 8,880 ಪೆಸೊ ಚಿನ್ನ, ಅಂದರೆ ಸುಮಾರು 40 ಕಿಲೊ. ಕಾಲಾಳಿಗೆ ಅದರ ಅರ್ಧದಷ್ಟು. ಪಿಸಾರೊನ ಕಾರ್ಯದರ್ಶಿ ಫ್ರಾನ್ಸಿಸ್ಕೊ ದೆ ಹೆರೆಸ್ ಆ ದಿನಗಳ ಬೆಲೆಗಳನ್ನು ದಾಖಲಿಸಿದ್ದಾನೆ: ಒಂದು ಕುದುರೆಗೆ 1,500 ಪೆಸೊ, ಒಂದು ಹೂಜಿ ದ್ರಾಕ್ಷಾರಸಕ್ಕೆ 60 ಪೆಸೊ. ಚಿನ್ನ ಹೆಚ್ಚಿದಷ್ಟೂ ಅದರಿಂದ ಕೊಳ್ಳಬಹುದಾದದ್ದು ಕುಗ್ಗುತ್ತ ಹೋಯಿತು.

ಇಲ್ಲಿ ಅಪನಂಬಿಕೆಯ ಕೆಲಸವನ್ನು ಗಮನಿಸಬೇಕು. 1533ರ ಏಪ್ರಿಲ್‌ನಲ್ಲಿ ಅಲ್ಮಾಗ್ರೊ ಸುಮಾರು 150 ಜನರೊಡನೆ ಬಂದು ಸೇರಿದ. ಸೆರೆಹಿಡಿಯುವಾಗ ಅವರು ಇರಲಿಲ್ಲವೆಂಬ ಕಾರಣಕ್ಕೆ ಅವರೆಲ್ಲರಿಗೂ ಸೇರಿ 20,000 ಪೆಸೊಗಳನ್ನಷ್ಟೇ ನಿಗದಿಪಡಿಸಲಾಯಿತು. ಮೂವರು ರಾವುತರ ಪಾಲಿಗಿಂತ ಅದು ಕಡಿಮೆ. ಬಂದ ಚಿನ್ನವೆಲ್ಲ ಒತ್ತೆಹಣವೆಂದು ಎಣಿಕೆಯಾಗುವವರೆಗೆ ತಮಗೆ ಪಾಲಿಲ್ಲವೆಂದು ತಿಳಿದ ಅವರಿಗೆ ಅರಸನು ಬದುಕಿರುವುದೇ ಅಡ್ಡಿಯಾಯಿತು. ಅಷ್ಟರಲ್ಲಿ ಇಂಕಾ ಸೈನ್ಯವೊಂದು ಬರುತ್ತಿದೆಯೆಂಬ ಸುದ್ದಿ ಹಬ್ಬಿತು. ಸತ್ಯವನ್ನರಿಯಲು ಹೆರ್ನಾಂದೊ ದೆ ಸೋಟೊನನ್ನು ಕಳುಹಿಸಿದರಾದರೂ ಅವನು ಮರಳುವವರೆಗೆ ಕಾಯಲಿಲ್ಲ. ಜುಲೈ ತಿಂಗಳಲ್ಲಿ ಅತಹುವಾಲ್ಪನಿಗೆ ಜ್ಞಾನಸ್ನಾನ ನೀಡಿ, ಸುಡುವುದರ ಬದಲಿಗೆ ಕುತ್ತಿಗೆ ಬಿಗಿದು ಕೊಂದರು. ಹಿಂದಿರುಗಿದ ಸೋಟೊ ಯಾವ ಸೈನ್ಯವನ್ನೂ ಕಂಡಿರಲಿಲ್ಲ.

'ತಾನು ಕಳ್ಳ, ಪರರ ನಂಬ' ಎಂಬ ಗಾದೆ ನಮ್ಮಲ್ಲಿದೆ. ಅರಸನು ಮಾತಿಗೆ ತಪ್ಪಿ ಸೈನ್ಯವನ್ನು ಕರೆಸಿಕೊಳ್ಳುವನೆಂದು ಅವರು ಅಷ್ಟು ಸುಲಭವಾಗಿ ನಂಬಿದ್ದೇಕೆ? ತಾವು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸು ಅವರಲ್ಲಿ ಇರಲಿಲ್ಲ. ಇತರರ ಬಗ್ಗೆ ನಾವು ತಾಳುವ ಸಂದೇಹ ಎಷ್ಟೋ ಬಾರಿ ನಮ್ಮದೇ ಅಂತರಂಗದ ಸಾಕ್ಷಿ.

ಪರಮಪ್ರಸಾದದ ಮೇಲಿನ ಆಣೆ

ಮುಂದಿನ ವಿವಾದ ಕುಸ್ಕೊ ನಗರ ಯಾರದೆಂಬುದು. ಕಲಹ ಕೈಮೀರುವಂತಾದಾಗ 1535ರ ಜೂನ್‌ನಲ್ಲಿ ಪಿಸಾರೊ ಮತ್ತು ಅಲ್ಮಾಗ್ರೊ ಹೊಸ ಒಪ್ಪಂದ ಮಾಡಿಕೊಂಡರು. ಬಾರ್ತೊಲೊಮೆ ದೆ ಸೆಗೋವಿಯಾ ಎಂಬ ಗುರುಗಳು ಹಿಡಿದಿದ್ದ ಪರಮಪ್ರಸಾದದ ಮುಂದೆ ಇಬ್ಬರೂ ಆಣೆಯಿಟ್ಟರು. ಮಾತಿಗೆ ತಪ್ಪಿದವನು ಇಹದಲ್ಲಿ ಆಸ್ತಿಯನ್ನೂ ಪ್ರಾಣವನ್ನೂ, ಪರದಲ್ಲಿ ಆತ್ಮವನ್ನೂ ಕಳೆದುಕೊಳ್ಳಲೆಂದು ಶಾಪವನ್ನೂ ಬರೆಸಿಕೊಂಡರು.

ಆಣೆ ಎರಡು ವರ್ಷವೂ ನಿಲ್ಲಲಿಲ್ಲ. ಚಿಲಿಯಿಂದ ಬರಿಗೈಲಿ ಮರಳಿದ ಅಲ್ಮಾಗ್ರೊ 1537ರಲ್ಲಿ ಕುಸ್ಕೊವನ್ನು ವಶಪಡಿಸಿಕೊಂಡ. 1538ರ ಏಪ್ರಿಲ್‌ನಲ್ಲಿ ಲಾಸ್ ಸಲೀನಾಸ್ ಕದನದಲ್ಲಿ ಸೋತು, ಜುಲೈಯಲ್ಲಿ ಮರಣದಂಡನೆಗೆ ಗುರಿಯಾದ. ಲೀಮಾದಲ್ಲಿ ದಾರಿದ್ರ್ಯಕ್ಕಿಳಿದ ಅವನ ಅನುಚರರು ಹೊರಗೆ ಹೋಗಲು ಒಂದೇ ಮೇಲಂಗಿಯನ್ನು ಸರದಿಯ ಮೇಲೆ ಧರಿಸುತ್ತಿದ್ದರೆಂದು ವೃತ್ತಾಂತಕಾರರು ಹೇಳುತ್ತಾರೆ. 1541ರ ಜೂನ್ 26 ಭಾನುವಾರ. ಸಂಚಿನ ಸುಳಿವು ಸಿಕ್ಕಿದ್ದರಿಂದ ಪಿಸಾರೊ ಬಲಿಪೂಜೆಗೂ ಹೋಗದೆ ಮನೆಯಲ್ಲೇ ಉಳಿದಿದ್ದ. ಆ ಗುಂಪಿನವರು ಅಲ್ಲಿಗೇ ನುಗ್ಗಿ ಅವನನ್ನು ಇರಿದು ಕೊಂದರು. ಅಲ್ಮಾಗ್ರೊನ ಮಗ 1542ರಲ್ಲಿ, ಪಿಸಾರೊನ ತಮ್ಮ ಗೊನ್ಸಾಲೊ 1548ರಲ್ಲಿ ಮರಣದಂಡನೆಗೊಳಗಾದರು. ಇನ್ನೊಬ್ಬ ತಮ್ಮ ಹೆರ್ನಾಂದೊ ಸ್ಪೇನಿನಲ್ಲಿ ಸುಮಾರು ಇಪ್ಪತ್ತು ವರ್ಷ ಸೆರೆಯಲ್ಲಿ ಕಳೆದ.

ಇಲ್ಲಿ ನಮ್ಮನ್ನು ಕಲಕಬೇಕಾದದ್ದು ಆ ಆಣೆ. ಪರಸ್ಪರ ನಂಬಿಕೆಯಿಲ್ಲದ ಇಬ್ಬರು, ನಂಬಿಕೆಯ ಕೊರತೆಯನ್ನು ತುಂಬಲು ಸಂಸ್ಕಾರವನ್ನು ಜಾಮೀನಾಗಿ ಬಳಸಿದರು. ಗುರುವೊಬ್ಬರು ಅದಕ್ಕೆ ಒಪ್ಪಿದರು. ಹಂಚಿಕೆಯಾಗುತ್ತಿದ್ದ ನಾಡು ಇಬ್ಬರದ್ದೂ ಅಲ್ಲವೆಂಬ ಮಾತನ್ನು ಆ ಬಲಿಪೀಠದ ಬಳಿ ಯಾರೂ ಎತ್ತಲಿಲ್ಲ. ಕ್ರಿಸ್ತರು ತಮ್ಮನ್ನೇ ಮುರಿದು ಹಂಚುವ ಪ್ರಸಾದವು, ಕಿತ್ತುಕೊಂಡದ್ದನ್ನು ಹಂಚಿಕೊಳ್ಳುವ ಕರಾರಿಗೆ ಕಾವಲಾಗಲಾರದು.

ಎದ್ದು ನಿಂತ ದನಿಗಳು

ಆದರೂ ಧರ್ಮಸಭೆಯಲ್ಲಿ ಬೇರೆ ದನಿಗಳಿದ್ದವು. ಬಾರ್ತೊಲೊಮೆ ದೆ ಲಾಸ್ ಕಾಸಾಸರು 1514ರಲ್ಲಿ ಕ್ಯೂಬಾದಲ್ಲಿ ಪ್ರಬೋಧನೆಗೆ ಸಿದ್ಧರಾಗುತ್ತಿದ್ದಾಗ, ಬಡವರಿಂದ ಕಿತ್ತದ್ದನ್ನು ಬಲಿಯಾಗಿ ಅರ್ಪಿಸುವುದನ್ನು ಖಂಡಿಸುವ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರನ್ನು ತಡೆದು ನಿಲ್ಲಿಸಿತು. ತಮ್ಮ ಅಧೀನದಲ್ಲಿದ್ದ ಮೂಲನಿವಾಸಿಗಳನ್ನು ಅವರು ಬಿಟ್ಟುಕೊಟ್ಟರು. ಮುಂದೆ ಚಿಯಾಪಾಸಿನ ಧರ್ಮಾಧ್ಯಕ್ಷರಾಗಿ ಪಾಪನಿವೇದನೆ ಕೇಳುವ ಗುರುಗಳಿಗೆ ನಿಯಮಗಳನ್ನು ಬರೆದರು: ವಿಜಯಿಯೊಬ್ಬನು ಮರಣಶಯ್ಯೆಯಲ್ಲಿದ್ದರೂ, ಕಿತ್ತುಕೊಂಡದ್ದನ್ನು ಮರಳಿಸಲು ಕಾನೂನುಬದ್ಧ ಪತ್ರ ಬರೆದುಕೊಡದ ಹೊರತು ಅವನಿಗೆ ಪಾಪವಿಮೋಚನೆ ನೀಡಬಾರದು. ಈ ನಿಯಮಗಳು ಭಾರೀ ವಿರೋಧಕ್ಕೆ ಗುರಿಯಾದವು. ಆದರೂ 1552ರಲ್ಲಿ ಸೆವಿಲ್ಲೆಯಲ್ಲಿ ಅಚ್ಚಾದವು.

ಸಲಮಾಂಕಾದ ದೈವಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ವಿತೋರಿಯಾ 1534ರ ನವೆಂಬರ್‌ನಲ್ಲಿ ತಮ್ಮ ಸಭೆಯ ಹಿರಿಯರೊಬ್ಬರಿಗೆ ಪತ್ರ ಬರೆದರು. ಪೆರುವಿನಿಂದ ಸಂಪತ್ತು ಹೊತ್ತು ಬಂದವರ ಪ್ರಶ್ನೆ ಅವರ ಮುಂದಿತ್ತು.  ಈ ಜನ ನಿರ್ದೋಷಿಗಳೆಂದು ಸಹಿ ಹಾಕಿದರೆ ಟೊಲೆಡೊದ ಮಹಾಧರ್ಮಾಧ್ಯಕ್ಷ ಪೀಠವನ್ನೇ ಕೊಡುವೆವೆಂದರೂ ತಾವು ಹಾಗೆ ಹೇಳುವ ಧೈರ್ಯ ಮಾಡುವುದಿಲ್ಲವೆಂಬುದು ಅವರ ಉತ್ತರದ ಸಾರ. ಲೂಕೆಗೆ ಸಿಕ್ಕಿದ ಭರವಸೆಯೊಡನೆ ಇದನ್ನು ಇಟ್ಟು ನೋಡಿದರೆ, ಒಂದೇ ಧರ್ಮಸಭೆಯ ಇಬ್ಬರು ಗುರುಗಳ ನಡುವಣ ಅಂತರ ತಿಳಿಯುತ್ತದೆ.

ಕಾಲ ಕಳೆದಂತೆ ವಿಜಯಿಗಳ ಉಯಿಲುಗಳಲ್ಲೂ ಈ ಬೋಧನೆಯ ಫಲ ಕಂಡುಬಂತು. ಮಾನ್ಸಿಯೊ ಸೆರ್ರಾ ದೆ ಲೆಗಿಸಾಮೊನ್ 1589ರಲ್ಲಿ ಕುಸ್ಕೊದಲ್ಲಿ ಬರೆಸಿದ ಉಯಿಲು ಪ್ರಸಿದ್ಧವಾದದ್ದು. ಇಂಕಾ ಜನ ಚಿನ್ನವಿದ್ದ ಮನೆಗೂ ಬಾಗಿಲಿಗೆ ಒಂದು ಕೋಲನ್ನು ಅಡ್ಡವಿಟ್ಟು ಹೋಗುತ್ತಿದ್ದರು, ಒಳಗೆ ಯಾರೂ ಕಾಲಿಡುತ್ತಿರಲಿಲ್ಲ. ತಮ್ಮ ಬಾಗಿಲುಗಳಿಗೆ ಬೀಗಗಳನ್ನು ಕಂಡಾಗ ಅದು ಕೊಲೆಯ ಭಯದಿಂದೆಂದು ಅವರು ತಿಳಿದರು, ತಮ್ಮಲ್ಲಿ ಕಳ್ಳರಿದ್ದಾರೆಂದು ತಿಳಿದಾಗ ತಮ್ಮನ್ನು ಕೀಳಾಗಿ ಕಂಡರು ಎಂದು ಅವನು ಮನಸ್ಸಾಕ್ಷಿಯ ಭಾರ ಇಳಿಸಲು ರಾಜನಿಗೆ ನಿವೇದಿಸುತ್ತಾನೆ. ಮುದುಕನ ನೆನಪಿನಲ್ಲಿ ಗತಕಾಲ ಹೆಚ್ಚು ಉಜ್ವಲವಾಗಿರಬಹುದು. ಆದರೂ ತಾವು ತಂದದ್ದು ಬೀಗವೆಂಬ ಅವನ ಅರಿವು ಸುಳ್ಳಲ್ಲ.

ನಮ್ಮ ಸೇವೆಗೆ ಪಾಠ

ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ನಾಳೆಗೆಂದು ಕೂಡಿಟ್ಟ ಮನ್ನಾ ಹುಳುಬಿತ್ತು. ದೇವರು ನಾಳೆಯೂ ಕೊಡುವರೆಂಬ ಭರವಸೆಯಿಲ್ಲದವನೇ ಕೂಡಿಡುತ್ತಾನೆ. ಅಪನಂಬಿಕೆ ದುರಾಸೆಯ ಫಲವೂ ಹೌದು, ಬೇರೂ ಹೌದು. ಆದ್ದರಿಂದ ಲೋಭವನ್ನು ಖಂಡಿಸುವ ಪ್ರಬೋಧನೆ ಮಾತ್ರ ಸಾಲದು. ಮುರಿದ ನಂಬಿಕೆ ಮರಳಿ ಕಟ್ಟಲ್ಪಡಬೇಕು. ಅದಕ್ಕೆ ಧರ್ಮಸಭೆ ತೋರಿಸಿರುವ ದಾರಿ ಪ್ರತ್ಯರ್ಪಣೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2412ನೆಯ ಪರಿಚ್ಛೇದ ಜಕ್ಕಾಯನನ್ನು ನೆನೆದು ಇದನ್ನು ನ್ಯಾಯದ ಕಡ್ಡಾಯವೆಂದು ಬೋಧಿಸುತ್ತದೆ.

ದಿಢೀರ್ ಸಂಪತ್ತಿನ ಆಸೆ ನಮ್ಮ ಧರ್ಮಕೇಂದ್ರಗಳಿಗೂ ಹೊಸದಲ್ಲ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ, ಪಾಲುದಾರರ ಮೋಸ, ದುಪ್ಪಟ್ಟು ಲಾಭದ ಚೀಟಿ ವ್ಯವಹಾರ ಇವೆಲ್ಲ ಪಾಪನಿವೇದನೆಯ ಪೀಠಕ್ಕೆ ಬರುತ್ತವೆ. ಕೆಲವೊಮ್ಮೆ ಉದಾರ ಕಾಣಿಕೆಯ ರೂಪದಲ್ಲಿ ಗುರುಮನೆಗೂ ಬರುತ್ತವೆ. ಆಗ ನಾವು ಆಶೀರ್ವದಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರದು? ಆ ಪ್ರಶ್ನೆಯನ್ನು ಕುಸ್ಕೊದ ಬಲಿಪೀಠದಲ್ಲಿ ಕೇಳಿದ್ದರೆ ಸೆಗೋವಿಯಾ ಇಬ್ಬರು ಬಲಶಾಲಿಗಳ ಸಿಟ್ಟಿಗೆ ಗುರಿಯಾಗುತ್ತಿದ್ದರೇನೋ. ಗುರುವಿನ ಕರೆಗೆ ತೆರಬೇಕಾದ ಬೆಲೆ ಅದೇ.